ಲೇತಿಗೆ ಎಂಥ ದ್ರವವನ್ನು ಎರೆಯಬೇಕು?

ಮನೆಯ ಹಿತ್ತಲಲ್ಲೋ ಮಹಡಿಯ ಮೂಲೆಯ ಕೋಣೆಯಲ್ಲೋ ಒಂದು ಚಿಕ್ಕ ಲೇತನ್ನಿಟ್ಟುಕೊಂಡು ಲೋಹದ ಕೆಲಸದಲ್ಲಿ ತೊಡಗುವ ಹವ್ಯಾಸಿಗಳು ನಮ್ಮಲ್ಲಿ ಇಲ್ಲದಿಲ್ಲ. ದೂರದರ್ಶಕವನ್ನು ತಾವೇ ಕಟ್ಟಿಕೊಳ್ಳುವವರು, ಹಳೆಯ ಗಡಿಯಾರಗಳನ್ನು ದುರಸ್ತು ಮಾಡುವವರು, ಅಂಗೈಯಗಲದ ಉಗಿಯಂತ್ರವನ್ನು ನಿರ್ಮಿಸಿ ಆನಂದಪಡುವವರು, ನಮ್ಮಂತೆ ಕಾಲೇಜಿನ ಪ್ರಯೋಗಶಾಲೆಗೆ ಬೇಕಾದ ಸಣ್ಣಪುಟ್ಟ ಸಲಕರಣೆಗಳನ್ನು ತಾವೇ ಮಾಡಿಕೊಳ್ಳುವವರು—ಇವರೆಲ್ಲರೂ ಈ ಪಂಗಡಕ್ಕೆ ಸೇರಿದವರು. ಲೇತನ್ನು ಕೊಳ್ಳುವಾಗ ಇವರು ತಿಂಗಳುಗಟ್ಟಲೆ ಯೋಚಿಸುತ್ತಾರೆ. ಉಳಿಗಳನ್ನು ಆರಿಸುವಾಗ ನಾಲ್ಕು ಜನರನ್ನು ವಿಚಾರಿಸುತ್ತಾರೆ. ಆದರೆ ಕತ್ತರಿಸುವ ಉಳಿಯ ಮೇಲೆ ಎರೆಯುವ ದ್ರವದ ಮಾತು ಬಂದಾಗ ಮಾತ್ರ ವಿಚಾರ ಅಲ್ಲಿಗೇ ನಿಂತುಹೋಗುತ್ತದೆ. ಲೇತಿನ ಪಕ್ಕದಲ್ಲಿ ಒಂದು ಹಳೆಯ ಡಬ್ಬಿ, ಅದರಲ್ಲಿ ಯಾವುದೋ ವಾಹನದ ಇಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆ, ಅದರೊಳಗೆ ಅದ್ದಿಟ್ಟ ಸವೆದ ಕುಂಚ—ಇದು ನಾವು ಹಲವು ಕಡೆ ಕಂಡಿರುವ ನೋಟ.

ಇದಕ್ಕೆ ವಿರುದ್ಧವಾದ ಇನ್ನೊಂದು ಅತಿರೇಕವೂ ಉಂಟು. ದೊಡ್ಡ ಕಾರ್ಖಾನೆಗಳಲ್ಲಿ ಹಾಲಿನಂತಹ ಬಿಳಿಯ ದ್ರವವು ಧಾರೆಯಾಗಿ ಉಳಿಯ ಮೇಲೆ ಸುರಿಯುವುದನ್ನು ಕಂಡ ಕೆಲವರು, ಮನೆಯ ಚಿಕ್ಕ ಲೇತಿಗೂ ತೊಟ್ಟಿ, ಪಂಪು, ನಳಿಕೆಗಳನ್ನು ಜೋಡಿಸಿ ಅದೇ ವೈಭವವನ್ನು ತಂದುಕೊಳ್ಳುತ್ತಾರೆ. ನಾವೂ ಒಮ್ಮೆ ಹಾಗೆ ಮಾಡಿದವರೇ. ಈ ಎರಡು ದಾರಿಗಳೂ ತಪ್ಪು, ಮನೆಯ ಯಂತ್ರಶಾಲೆಗೆ ಮೂರನೆಯದೊಂದು ದಾರಿಯಿದೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಇಲ್ಲಿ ಸಕಾರಣವಾಗಿ ನಿರೂಪಿಸಲು ಯತ್ನಿಸುತ್ತೇವೆ.

ಮೊದಲಿಗೆ ಈ ದ್ರವದ ಅಗತ್ಯವೇನು ಎಂಬುದನ್ನು ನೋಡೋಣ. ಶಾಖವೆಂಬುದು ಒಂದು ವಸ್ತುವಲ್ಲ, ಅದು ಚಲನೆಯ ಒಂದು ರೂಪ ಎಂಬ ಪಾಠವನ್ನು ಕಾಲೇಜಿನಲ್ಲಿ ಬೋಧಿಸುವಾಗ ನಾವು ಪ್ರತಿವರ್ಷವೂ ಕೌಂಟ್ ರಮ್‌ಫರ್ಡನ ಪ್ರಯೋಗವನ್ನು ವಿವರಿಸುತ್ತೇವೆ. ಮ್ಯೂನಿಕ್ ನಗರದ ಶಸ್ತ್ರಾಗಾರದಲ್ಲಿ ಫಿರಂಗಿಗಳ ನಳಿಕೆ ಕೊರೆಯುವ ಕೆಲಸವನ್ನು ನೋಡಿಕೊಳ್ಳುತ್ತಿದ್ದಾಗ, ಕೊರೆದು ಬಿದ್ದ ಲೋಹದ ಚೂರುಗಳ ಬಿಸಿ ಆತನ ಗಮನವನ್ನು ಸೆಳೆಯಿತು. ಆತನು ಬೇಕೆಂದೇ ಮೊಂಡಾದ ಬೈರಿಗೆಯೊಂದನ್ನು ಹಿತ್ತಾಳೆಯ ದಿಂಡಿಗೆ ಒತ್ತಿ, ಕುದುರೆಗಳ ಬಲದಿಂದ ದಿಂಡನ್ನು ತಿರುಗಿಸಿದ. ಸುತ್ತಲೂ ಪೆಟ್ಟಿಗೆಯಲ್ಲಿ ತುಂಬಿದ್ದ ಸುಮಾರು ಎಂಟೂವರೆ ಕಿಲೋಗ್ರಾಮ್ ನೀರು ಎರಡೂವರೆ ಗಂಟೆಯಲ್ಲಿ ಬೆಂಕಿಯಿಲ್ಲದೆಯೇ ಕುದಿಯಿತು. 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮಂಡಿತವಾದ ಈ ಪ್ರಯೋಗವು ಭೌತಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಹವ್ಯಾಸಿಯ ಲೇತಿನಲ್ಲಿ ಪ್ರತಿದಿನವೂ ನಡೆಯುವುದು ಇದೇ ಪ್ರಯೋಗ; ವ್ಯತ್ಯಾಸವೆಂದರೆ ರಮ್‌ಫರ್ಡನಿಗೆ ಶಾಖ ಬೇಕಾಗಿತ್ತು, ನಮಗೆ ಅದು ಬೇಡ.

ಉಳಿಯು ಲೋಹವನ್ನು ಕತ್ತರಿಸುವಾಗ ಮೋಟಾರು ಒದಗಿಸಿದ ಶಕ್ತಿಯ ಬಹುಪಾಲು ಶಾಖವಾಗಿಯೇ ಮಾರ್ಪಡುತ್ತದೆ. ಈ ಶಾಖ ಹುಟ್ಟುವುದು ಮುಖ್ಯವಾಗಿ ಎರಡು ಕಡೆ. ಲೋಹದ ಪದರವು ಮುರಿದು ಜಾರಿ ಸುರುಳಿಯಾಗಿ ಮಾರ್ಪಡುವ ಜಾಗ ಒಂದು. ಆ ಸುರುಳಿಯು ಉಳಿಯ ಮುಖವನ್ನು ಉಜ್ಜಿಕೊಂಡು ಮೇಲೇಳುವ ಜಾಗ ಇನ್ನೊಂದು. ಮೊದಲನೆಯದರ ಶಾಖವನ್ನು ಬಹುಮಟ್ಟಿಗೆ ಸುರುಳಿಯೇ ಹೊತ್ತೊಯ್ಯುತ್ತದೆ. ಎರಡನೆಯದು ಮಾತ್ರ ಉಳಿಯ ತುದಿಯನ್ನು ನೇರವಾಗಿ ಸುಡುತ್ತದೆ. ತುದಿ ಕಾದು ಮೆತ್ತಗಾದರೆ ಅದರ ಹರಿತ ಹೋಗುತ್ತದೆ. ಹರಿತ ಹೋದ ಉಳಿಯು ರಮ್‌ಫರ್ಡನ ಮೊಂಡು ಬೈರಿಗೆಯಂತೆ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ. ಹೀಗೆ ಒಂದು ವಿಷಚಕ್ರವೇ ಆರಂಭವಾಗುತ್ತದೆ.

ಈ ಚಕ್ರವನ್ನು ನೀರಿನಿಂದ ಕಡಿಯಬಹುದೆಂದು ಅಳತೆಗಳ ಮೂಲಕ ತೋರಿಸಿಕೊಟ್ಟವನು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್. 1883ರಲ್ಲಿ ಆತನು ಉಳಿಯ ತುದಿಯ ಮೇಲೆ ನೀರನ್ನು ಧಾರಾಳವಾಗಿ ಸುರಿದು, ಕತ್ತರಿಸುವ ವೇಗವನ್ನು ನೂರಕ್ಕೆ 30ರಿಂದ 40ರಷ್ಟು ಹೆಚ್ಚಿಸಬಹುದೆಂದು ಕಂಡುಕೊಂಡ. ಉಕ್ಕಿಗೆ ತುಕ್ಕು ಹಿಡಿಯದಂತೆ ಆ ನೀರಿನಲ್ಲಿ ಸೋಡವನ್ನು ಕರಗಿಸಲಾಗುತ್ತಿತ್ತು. ಕಾರ್ಖಾನೆಗಳಲ್ಲಿ ಇಂದು ಧಾರೆಯಾಗಿ ಹರಿಯುವ ಬಿಳಿಯ ದ್ರವವು ಟೇಲರನ ಸೋಡದ ನೀರಿನ ವಂಶಕ್ಕೇ ಸೇರಿದ್ದು.

ಶಾಖವನ್ನು ಹೀರುವುದರಲ್ಲಿ ನೀರಿಗೆ ಸರಿಸಮನಾದ ಸಾಮಾನ್ಯ ದ್ರವವಿಲ್ಲವೆಂಬುದು ನಿಜ. ಒಂದು ಗ್ರಾಮ್ ನೀರಿನ ಉಷ್ಣಮಾನವನ್ನು ಒಂದು ಡಿಗ್ರಿ ಏರಿಸಲು 4.2 ಜೂಲ್ ಬೇಕು. ಎಣ್ಣೆಗೆ ಅದರ ಅರ್ಧದಷ್ಟು ಸಾಕು. ನೀರಿನ ಉಷ್ಣವಾಹಕತೆಯು ಎಣ್ಣೆಯದಕ್ಕಿಂತ ನಾಲ್ಕು ಪಟ್ಟಿಗೂ ಮಿಗಿಲು. ಒಂದು ಗ್ರಾಮ್ ನೀರು ಆವಿಯಾಗಿ ಹೋಗುವಾಗ 2,260 ಜೂಲ್‌ಗಳಷ್ಟು ಗುಪ್ತೋಷ್ಣವನ್ನು ಕೊಂಡೊಯ್ಯುತ್ತದೆ. ಇಷ್ಟೆಲ್ಲ ಇದ್ದರೂ ನೀರಿಗೆ ಜಿಡ್ಡಿಲ್ಲ. ಉಜ್ಜುವಿಕೆಯನ್ನು ತಗ್ಗಿಸುವ ಶಕ್ತಿ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ.

ಎಣ್ಣೆಯ ಗುಣ ಬೇರೆ ಬಗೆಯದು. ಪ್ರಾಣಿಗಳ ಕೊಬ್ಬಿನಲ್ಲಿಯೂ ಕಾಳುಗಳ ಎಣ್ಣೆಯಲ್ಲಿಯೂ ಇರುವ ಕೊಬ್ಬಿನಾಮ್ಲದ ಅಣುಗಳಿಗೆ ಒಂದು ತಲೆ, ಒಂದು ಉದ್ದನೆಯ ಬಾಲ ಇರುತ್ತವೆ. ತಲೆಯು ಲೋಹಕ್ಕೆ ಅಂಟಿಕೊಳ್ಳುತ್ತದೆ. ಬಾಲಗಳು ಹುಲ್ಲುಗಾವಲಿನಂತೆ ನಿಮಿರಿ ನಿಂತು, ಲೋಹ ಲೋಹವನ್ನು ಮುಟ್ಟದಂತೆ ತಡೆಯುತ್ತವೆ. ಇಂಗ್ಲೆಂಡಿನ ವಿಲಿಯಂ ಹಾರ್ಡಿ 1920ರ ದಶಕದಲ್ಲಿ ಈ ಬಗೆಯ ತೆಳುಪದರಗಳನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದ. ಉಷ್ಣಮಾನ ಹೆಚ್ಚಿದಾಗ ಈ ಪದರ ಕಳಚಿಕೊಳ್ಳುತ್ತದೆ. ಆಗ ಗಂಧಕವನ್ನು ಸೇರಿಸಿದ ಎಣ್ಣೆಗಳು ನೆರವಿಗೆ ಬರುತ್ತವೆ; ಗಂಧಕವು ಕಾದ ಕಬ್ಬಿಣದೊಡನೆ ಸಂಯೋಗಹೊಂದಿ, ಸುಲಭವಾಗಿ ಹರಿದುಹೋಗುವ ಒಂದು ಪೊರೆಯನ್ನು ನಿರ್ಮಿಸುತ್ತದೆ. ಈ ಪೊರೆ ಇಲ್ಲದಿದ್ದರೆ ಉಕ್ಕಿನ ಕಣಗಳು ಉಳಿಯ ತುದಿಗೇ ಬೆಸೆದುಕೊಂಡು ಗಡ್ಡೆಗಟ್ಟುತ್ತವೆ. ನಿಧಾನವಾಗಿ ತಿರುಗುವ ಲೇತಿನಲ್ಲಿ ಕೆಲಸದ ಮೈ ಹರಿದಂತೆ ಒರಟಾಗುವುದಕ್ಕೆ ಈ ಗಡ್ಡೆಯೇ ಮುಖ್ಯ ಕಾರಣ.

ಹಾಗಾದರೆ ಮನೆಯ ಲೇತಿಗೆ ಬೇಕಾದದ್ದು ತಂಪೋ, ಜಿಡ್ಡೋ? ಇದನ್ನು ಊಹೆಗೆ ಬಿಡದೆ ಲೆಕ್ಕ ಹಾಕಿಯೇ ನೋಡಬಹುದು. ಅರ್ಧ ಅಶ್ವಶಕ್ತಿಯ ಮೋಟಾರು ಸುಮಾರು 370 ವಾಟ್ ಶಕ್ತಿಯನ್ನು ಒದಗಿಸುತ್ತದೆ. ಪಟ್ಟಿ, ಹಲ್ಲುಗಾಲಿಗಳಲ್ಲಿ ನಷ್ಟವಾದದ್ದನ್ನು ಕಳೆದು, ಉಳಿಯ ತುದಿಯಲ್ಲಿ ಸೆಕೆಂಡಿಗೆ 250 ಜೂಲ್ ಶಾಖ ಹುಟ್ಟುತ್ತದೆಂದು ಇಟ್ಟುಕೊಳ್ಳೋಣ. ಕುಂಚದಿಂದ ಹಚ್ಚಿದ ಒಂದು ಗ್ರಾಮ್ ಎಣ್ಣೆ ನೂರು ಡಿಗ್ರಿಗಳಷ್ಟು ಬಿಸಿಯಾದರೂ ಹೀರುವುದು 200 ಜೂಲ್. ಒಂದು ಸೆಕೆಂಡಿನ ಶಾಖಕ್ಕೂ ಅದು ಸಾಲದು. ಆದರೂ ಕುಂಚದ ಒಂದು ತೇವದಿಂದ ಕೆಲಸದ ಮೈ ಕನ್ನಡಿಯಂತಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದ್ದರಿಂದ ಆ ಎಣ್ಣೆ ಉಳಿಯನ್ನು ತಣಿಸಲಿಲ್ಲ, ಶಾಖ ಹುಟ್ಟುವುದನ್ನೇ ತಗ್ಗಿಸಿತು, ಲೋಹ ಬೆಸೆದುಕೊಳ್ಳುವುದನ್ನು ತಡೆಯಿತು ಎಂದು ಸಿದ್ಧವಾಗುತ್ತದೆ. ಮನೆ ಹತ್ತಿ ಉರಿಯುವಾಗ ನೀರು ತರುವುದಕ್ಕಿಂತ ಕಿಡಿ ಬೀಳದಂತೆ ನೋಡಿಕೊಳ್ಳುವುದು ಜಾಣತನವಲ್ಲವೆ?

ಅದೇ ಲೆಕ್ಕವನ್ನು ನೀರಿಗೂ ಅನ್ವಯಿಸೋಣ. ನೀರು 40 ಡಿಗ್ರಿಗಳಷ್ಟು ಬಿಸಿಯಾಗಲು ಬಿಟ್ಟರೆ, ಆ 250 ಜೂಲ್‌ಗಳನ್ನು ಪೂರ್ತಿ ಹೀರಲು ಸೆಕೆಂಡಿಗೆ ಒಂದೂವರೆ ಗ್ರಾಮ್, ಎಂದರೆ ನಿಮಿಷಕ್ಕೆ 90 ಗ್ರಾಮ್ ನೀರು ಸಾಕು. ಅರ್ಧ ಲೋಟವೂ ಆಗದು! ಸುರುಳಿಯೇ ಹೊತ್ತೊಯ್ಯುವ ಶಾಖವನ್ನು ಕಳೆದರೆ ಇನ್ನೂ ಕಡಿಮೆ ಸಾಕು. ತೊಟ್ಟಿ, ಪಂಪುಗಳ ಆಡಂಬರಕ್ಕೆ ಚಿಕ್ಕ ಲೇತಿನಲ್ಲಿ ಆಧಾರವೇ ಇಲ್ಲವೆಂಬುದು ಇದರಿಂದ ಸ್ಪಷ್ಟ.

ವೇಗದ ಮಾತನ್ನೂ ಇಲ್ಲಿ ಹೇಳಬೇಕು. ಸುರುಳಿಯು ಉಳಿಯ ಮುಖವನ್ನು ಬಲವಾಗಿ ಒತ್ತಿಕೊಂಡು ಹೋಗುತ್ತಿರುವಾಗ ಆ ಸಂದಿಗೆ ದ್ರವ ನುಗ್ಗಲು ಸ್ವಲ್ಪವಾದರೂ ಅವಕಾಶ ಬೇಕು. ವೇಗ ಕಡಿಮೆಯಿದ್ದಾಗ ಆ ಅವಕಾಶವುಂಟು. ಹೆಚ್ಚಾದಂತೆ ಅದು ತಪ್ಪಿಹೋಗಿ, ದ್ರವವು ಹೊರಗಿನಿಂದ ತಣಿಸಲು ಮಾತ್ರ ಶಕ್ತವಾಗುತ್ತದೆ. 25 ಮಿಲಿಮೀಟರ್ ದಪ್ಪದ ಮೆದು ಉಕ್ಕಿನ ಸರಳು ನಿಮಿಷಕ್ಕೆ 380 ಸುತ್ತು ತಿರುಗಿದರೆ ಕತ್ತರಿಸುವ ವೇಗ ನಿಮಿಷಕ್ಕೆ ಸುಮಾರು 30 ಮೀಟರ್. ತಿರುಪು ಹಾಕುವಾಗ ಅದು ಐದು ಮೀಟರಿಗೂ ಇಳಿಯಬಹುದು. ಕೈಯಿಂದ ಟ್ಯಾಪು ತಿರುಗಿಸುವಾಗಲಂತೂ ಇನ್ನೂ ಕಡಿಮೆ. ನೂರಾರು ಮೀಟರ್ ವೇಗದಲ್ಲಿ ದಿನವಿಡೀ ದುಡಿಯುವ ಕಾರ್ಖಾನೆಯ ಯಂತ್ರಕ್ಕೆ ತಂಪು ಮುಖ್ಯ. ಬಿಡುವಿನ ವೇಳೆಯಲ್ಲಿ ಮೆಲ್ಲನೆ ತಿರುಗುವ ನಮ್ಮ ಲೇತಿಗೆ ಜಿಡ್ಡು ಮುಖ್ಯ. ಎಲ್ಲವನ್ನೂ ನಿರ್ಣಯಿಸಬೇಕಾದದ್ದು ಈ ಒಂದು ಭೇದದಿಂದ.

ಇನ್ನು ಲೋಹಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ. ಬೀಡು ಕಬ್ಬಿಣಕ್ಕೆ ಯಾವ ದ್ರವವೂ ಬೇಡ. ಅದರೊಳಗೆ ಹರಡಿರುವ ಗ್ರಾಫೈಟಿನ ಹಾಳೆಗಳೇ ಜಿಡ್ಡಿನ ಕೆಲಸವನ್ನು ಮಾಡುತ್ತವೆ. ಎಣ್ಣೆ ಹಾಕಿದರೆ ಕಪ್ಪು ಪುಡಿಯೊಡನೆ ಬೆರೆತು ಸಾಣೆಯ ಹಿಟ್ಟಿನಂತಾಗಿ ಲೇತಿನ ಜಾರುಮಣೆಗಳನ್ನೇ ತಿನ್ನುತ್ತದೆ. ಪುಡಿ ಮೂಗಿಗೆ ಹೋಗದಂತೆ ಮುಖಕ್ಕೆ ಮುಸುಕು ಕಟ್ಟಿಕೊಂಡು, ಕೆಲಸ ಮುಗಿದೊಡನೆ ಅದನ್ನು ಎತ್ತಿಬಿಡಬೇಕು. ಸಾಮಾನ್ಯ ಹಿತ್ತಾಳೆಯನ್ನೂ ಒಣಗಿದ್ದಾಗಲೇ ಕಡೆಯಬಹುದು. ತಾಮ್ರ, ಹಿತ್ತಾಳೆಗಳಿಗೆ ಗಂಧಕ ಬೆರೆಸಿದ ಎಣ್ಣೆಯನ್ನು ಸೋಕಿಸಿದರೆ ಕಪ್ಪು ಕಲೆಗಳು ಮೂಡುತ್ತವೆ ಎಂಬುದನ್ನು ನೆನಪಿಡಬೇಕು.

ಅಲ್ಯೂಮಿನಿಯಮ್ ಉಳಿಗೆ ಅಂಟಿಕೊಳ್ಳುವುದರಲ್ಲಿ ಬಹಳ ಹಟಮಾರಿ. ಅದಕ್ಕೆ ಸೀಮೆಎಣ್ಣೆಯನ್ನು ಹಚ್ಚುವುದು ಹಳೆಯ ರೂಢಿ, ಗುಣವೂ ಉಂಟು. ಆದರೆ ಸೀಮೆಎಣ್ಣೆಯ ಆವಿಯು 40 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ ಕಿಡಿ ತಗುಲಿದರೆ ಹತ್ತಿಕೊಳ್ಳುವಂಥದು. ನಮ್ಮ ಬೇಸಗೆಯಲ್ಲಿ, ಗಾಳಿಯಾಡದ ಕೋಣೆಯಲ್ಲಿ ಅದನ್ನು ಬಳಸುವುದು ಅಪಾಯ. ತೆಳುವಾದ ಶುದ್ಧ ಖನಿಜತೈಲಕ್ಕೆ ಸ್ವಲ್ಪ ಕೊಬ್ಬಿನೆಣ್ಣೆ ಸೇರಿಸಿದ ಮಿಶ್ರಣ ಇದಕ್ಕಿಂತ ಮೇಲು. ಮೆಗ್ನೀಸಿಯಮ್ ಮಿಶ್ರಲೋಹಕ್ಕೆ ನೀರು ಬೆರೆತ ದ್ರವವನ್ನು ಎಂದಿಗೂ ಸೋಕಿಸಬಾರದು. ಅದರ ಚೂರುಗಳಿಗೆ ಬೆಂಕಿ ಹತ್ತಿದರೆ ನೀರು ಜಲಜನಕವನ್ನು ಬಿಡಿಸಿ ಉರಿಯನ್ನು ಹೆಚ್ಚಿಸುತ್ತದೆ.

ಮೆದು ಉಕ್ಕಿಗೆ ಯಂತ್ರಕ್ಕೆ ಹಾಕುವ ಸಾಮಾನ್ಯ ಎಣ್ಣೆಯಿಂದಲೂ ಸಾಕಷ್ಟು ಕೆಲಸ ನಡೆಯುತ್ತದೆ. ತಿರುಪು ಹಾಕುವುದು, ಟ್ಯಾಪು ಮಾಡುವುದು, ತುಕ್ಕು ಹಿಡಿಯದ ಉಕ್ಕನ್ನು ಕೊರೆಯುವುದು—ಈ ಕಠಿಣ ಕೆಲಸಗಳಿಗೆ ಮಾತ್ರ ಗಂಧಕ ಸೇರಿಸಿದ ಕಟಿಂಗ್ ಆಯಿಲ್‌ನ ಒಂದು ಚಿಕ್ಕ ಡಬ್ಬಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಕಾರ್ಬೈಡ್ ತುದಿಯ ಉಳಿಗಳಿದ್ದರೆ ಅವನ್ನು ಒಣದಾಗಿಯೇ ಓಡಿಸುವುದು ಲೇಸು. ಕಾದ ಕಾರ್ಬೈಡಿನ ಮೇಲೆ ಆಗೊಮ್ಮೆ ಈಗೊಮ್ಮೆ ನೀರು ಚಿಮುಕಿಸಿದರೆ, ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹುಯ್ದಂತೆ, ಅದು ಬಿರುಕುಬಿಡುತ್ತದೆ.

ನಮ್ಮ ಅಡುಗೆಮನೆಯ ಎಣ್ಣೆಗಳು ಇದಕ್ಕೆ ಬರುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಜಿಡ್ಡಿನ ದೃಷ್ಟಿಯಿಂದ ಅವು ಖನಿಜತೈಲಕ್ಕಿಂತ ಶ್ರೇಷ್ಠವೆಂದೇ ಹೇಳಬೇಕು. ಕೊಬ್ಬಿನಾಮ್ಲದ ಸಂಪತ್ತು ಅವುಗಳಲ್ಲಿ ಸಹಜವಾಗಿಯೇ ಇದೆ. ಹೊಂಗೆ, ಬೇವುಗಳ ಎಣ್ಣೆಯನ್ನು ಕೂಡ ಈ ಕೆಲಸಕ್ಕೆ ಪರೀಕ್ಷಿಸಿ ನೋಡಿದವರಿದ್ದಾರೆ. ಆದರೆ ಇವುಗಳಿಗೆ ಒಂದೊಂದು ದೋಷವುಂಟು. ಅಗಸೆ, ಸೂರ್ಯಕಾಂತಿಗಳಂತಹ ಎಣ್ಣೆಗಳು ಗಾಳಿಯ ಆಮ್ಲಜನಕವನ್ನು ಹೀರಿ ಅಂಟಾಗಿ, ವಾರ್ನಿಷಿನಂತೆ ಜಾರುಮಣೆಗೆ ಹಿಡಿದುಕೊಳ್ಳುತ್ತವೆ. ಇವುಗಳಲ್ಲಿ ನೆನೆದ ಬಟ್ಟೆಗಳನ್ನು ಮೂಲೆಯಲ್ಲಿ ಗುಡ್ಡೆಹಾಕಿದರೆ ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವುದೂ ಉಂಟು. ತೆಂಗಿನೆಣ್ಣೆ ಹಾಗೆ ಅಂಟಾಗದು. ಟ್ಯಾಪಿನ ಕೆಲಸಕ್ಕೆ ಅದು ಬಹಳ ಸೊಗಸು. ಆದರೆ 24 ಡಿಗ್ರಿಯ ಸುಮಾರಿಗೆ ಗಟ್ಟಿಯಾಗುವ ಅದು ಬೆಂಗಳೂರಿನ ಮಾರ್ಗಶಿರದ ಬೆಳಗಿನಲ್ಲಿ ಡಬ್ಬಿಯಿಂದ ಹೊರಗೇ ಬರುವುದಿಲ್ಲ. ಹರಳೆಣ್ಣೆ ಅಂಟಾಗದಿದ್ದರೂ ಅತಿಮಂದ. ಆದ್ದರಿಂದ ಇವನ್ನು ಹನಿಹನಿಯಾಗಿ ಬಳಸಿ, ಅಂದಂದೇ ಒರೆಸಿಬಿಡುವವರಿಗೆ ಮಾತ್ರ ಇವು ಸಲ್ಲುತ್ತವೆ.

ಇಷ್ಟಾದ ಮೇಲೆ ಕೂಲೆಂಟ್ ಎಂದು ಕರೆಯುವ ಬಿಳಿಯ ದ್ರವದ ಸರದಿ. ಇದು ದ್ರಾವಣವಲ್ಲ, ಹಾಲಿನಂತೆ, ನೀರಿನೊಳಗೆ ಎಣ್ಣೆಯ ಅತಿಸೂಕ್ಷ್ಮ ಹನಿಗಳು ತೇಲುತ್ತಿರುವ ಒಂದು ಮಿಶ್ರಣ. ಸಾಬೂನಿನಂತಹ ಪದಾರ್ಥವೊಂದು ಆ ಹನಿಗಳು ಒಂದಕ್ಕೊಂದು ಕೂಡದಂತೆ ತಡೆದಿರುತ್ತದೆ. ನೀರಿನ ತಂಪು, ಎಣ್ಣೆಯ ಜಿಡ್ಡು ಎರಡೂ ಒಂದರಲ್ಲಿ ದೊರೆಯುವುದು ಇದರ ಹಿರಿಮೆ. ಆದರೆ ಹಾಲಿಗಿರುವ ಕಷ್ಟಗಳೆಲ್ಲ ಇದಕ್ಕೂ ಉಂಟು: ಇದು ಒಡೆಯುತ್ತದೆ, ಹಳಸುತ್ತದೆ, ನಾರುತ್ತದೆ.

ಬೆರೆಸುವಾಗ ನೀರಿಗೆ ಎಣ್ಣೆಯನ್ನು ಹುಯ್ಯಬೇಕೇ ಹೊರತು ಎಣ್ಣೆಗೆ ನೀರನ್ನಲ್ಲ. ಕ್ರಮ ತಪ್ಪಿದರೆ ಎಣ್ಣೆಯೊಳಗೆ ನೀರಿನ ಹನಿಗಳು ಸಿಕ್ಕಿಕೊಂಡು ಗಂಜಿಯಂತಾಗಿ, ಆಮೇಲೆ ಎಷ್ಟು ಕಲಕಿದರೂ ಸರಿಹೋಗದು. ಸಾಮಾನ್ಯ ಕೆಲಸಕ್ಕೆ 20 ಪಾಲು ನೀರಿಗೆ ಒಂದು ಪಾಲು ಎಣ್ಣೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಲವಣಗಳು ಸಾಬೂನನ್ನು ನೊರೆಗಟ್ಟಲು ಬಿಡದಿರುವುದನ್ನು ಬಟ್ಟೆ ಒಗೆಯುವವರೆಲ್ಲರೂ ಬಲ್ಲರು. ಅದೇ ಲವಣಗಳು ಇಲ್ಲಿಯೂ ಸಾಬೂನನ್ನು ಗಸಿಯಾಗಿಸಿ ಮಿಶ್ರಣವನ್ನು ಒಡೆಯುತ್ತವೆ. ಇನ್ನೂ ಒಂದು ಸೂಕ್ಷ್ಮವುಂಟು: ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಲವಣ ಅಲ್ಲಿಯೇ ಉಳಿಯುತ್ತದೆ. ಪ್ರತಿಸಲವೂ ಗಡಸು ನೀರನ್ನೇ ತುಂಬುತ್ತ ಹೋದರೆ ಲವಣದ ಪ್ರಮಾಣ ತಿಂಗಳಿಂದ ತಿಂಗಳಿಗೆ ಏರುತ್ತದೆ. ಆದ್ದರಿಂದ ಮಳೆಯ ನೀರನ್ನೋ ಬಟ್ಟಿಯಿಳಿಸಿದ ನೀರನ್ನೋ ಬಳಸುವುದು ಮೇಲು.

ಇದರ ಸಾಂದ್ರತೆಯನ್ನು ಬೆಳಕಿನ ವಕ್ರೀಭವನದಿಂದ ಅಳೆಯುವ ಕೈಯಳತೆಯ ಉಪಕರಣವೊಂದಿದೆ. ಕಬ್ಬಿನ ಹಾಲಿನ ಸಕ್ಕರೆಯನ್ನು ಅಳೆಯುವುದೂ ಇದೇ ಬಗೆಯ ಉಪಕರಣದಿಂದಲೇ. ಅದು ತೋರಿದ ಅಂಕಿಯನ್ನು ಎಣ್ಣೆಯ ತಯಾರಕರು ತಿಳಿಸಿರುವ ಗುಣಕದಿಂದ ಗುಣಿಸಿದರೆ ಸಾಂದ್ರತೆ ದೊರೆಯುತ್ತದೆ. ತೆಳುವಾದರೆ ತುಕ್ಕು, ದುರ್ಗಂಧ. ಮಂದವಾದರೆ ನೊರೆ, ಚರ್ಮಕ್ಕೆ ಉರಿ. ಕ್ಷಾರಗುಣವನ್ನು ಪಿ.ಎಚ್. ಕಾಗದದಿಂದ ನೋಡಬೇಕು, ಅದು 8.5ರಿಂದ 9.5ರ ನಡುವೆ ಇರಬೇಕು. ಅದಕ್ಕಿಂತ ಇಳಿಯತೊಡಗಿತೆಂದರೆ ಬ್ಯಾಕ್ಟೀರಿಯಗಳು ಮನೆಮಾಡಿವೆಯೆಂದು ತಿಳಿಯಬೇಕು. ಲೇತಿನಿಂದ ಸೋರಿ ಮೇಲೆ ತೇಲುವ ಎಣ್ಣೆಯನ್ನು ತಪ್ಪದೆ ತೆಗೆಯಬೇಕು. ಆ ಪೊರೆಯು ಗಾಳಿಯನ್ನು ತಡೆದಾಗ, ಆಮ್ಲಜನಕ ಬೇಡದ ಬ್ಯಾಕ್ಟೀರಿಯಗಳು ಕೆಳಗೆ ಹುಲುಸಾಗಿ ಬೆಳೆದು, ಸಲ್ಫೇಟ್ ಲವಣಗಳಿಂದ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಬಿಡಿಸುತ್ತವೆ. ಭಾನುವಾರದ ರಜೆಯ ಮರುದಿನ ಪಂಪು ಚಾಲೂ ಮಾಡಿದೊಡನೆ ಏಳುವ ಈ ನಾತಕ್ಕೆ ಕಾರ್ಖಾನೆಗಳಲ್ಲಿ ಸೋಮವಾರದ ವಾಸನೆಯೆಂದೇ ಹೆಸರು.

ಒಂದು ದಿನದ ರಜೆಗೇ ಹೀಗಾದರೆ, ವಾರಕ್ಕೊಮ್ಮೆ ಮಾತ್ರ ಓಡುವ ಹವ್ಯಾಸಿಯ ಲೇತಿನ ಗತಿಯೇನು? ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನಾವು ನಮ್ಮ ಲೇತಿಗೆ ಹತ್ತು ಲೀಟರಿನ ತೊಟ್ಟಿಯನ್ನೂ ಪಂಪನ್ನೂ ಅಳವಡಿಸಿದ್ದೆವು. ಬೇಸಗೆಯ ರಜೆಯಲ್ಲಿ ಪರೀಕ್ಷೆಯ ಮೌಲ್ಯಮಾಪನ, ಬಂಧುಗಳ ಮದುವೆ ಎಂದು ಆರು ವಾರ ಆ ಕಡೆ ತಲೆಹಾಕಲಿಲ್ಲ. ನಮಗೆ ಲೇತಿನ ಅಕ್ಷರಾಭ್ಯಾಸ ಮಾಡಿಸಿದವರು ಕಾಲೇಜಿನ ವರ್ಕ್‌ಷಾಪಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯ ಮೆಕ್ಯಾನಿಕ್. ಭಾನುವಾರಗಳಲ್ಲಿ ನಮ್ಮ ಮನೆಗೆ ಬಂದು ಕೆಲಸದಲ್ಲಿ ಕೈಗೂಡಿಸುತ್ತಿದ್ದರು. ರಜೆ ಮುಗಿದ ಮೇಲೆ ಬಂದವರು, ನಾವು ಬೇಡವೆನ್ನುವ ಮೊದಲೇ ಅಂಗಿಯ ತೋಳು ಮಡಿಸಿ ಆ ನಾರುವ ತೊಟ್ಟಿಗೆ ಕೈಹಾಕಿ ಗಸಿಯನ್ನೆಲ್ಲ ಬಳಿದು ತೆಗೆದರು. ಮೂರು ದಿನಗಳಲ್ಲಿ ಅವರ ಮುಂಗೈಗಳ ತುಂಬ ಕೆಂಪು ದದ್ದುಗಳೆದ್ದು ನೀರು ಸೋರತೊಡಗಿತು. ವೈದ್ಯರ ಚಿಕಿತ್ಸೆಯಿಂದ ಗುಣವಾಗಲು ಒಂದು ತಿಂಗಳಿಗೂ ಮಿಗಿಲಾಯಿತು. ನೋಡಲು ಹೋದಾಗ ಅವರು ನಗುತ್ತಲೇ, “ಮೂವತ್ತು ವರುಷ ಕರಿ ಎಣ್ಣೇಲಿ ಕೈ ಅದ್ದಿದೀನಿ, ಮೇಷ್ಟ್ರೇ. ಏನೂ ಆಗಿರಲಿಲ್ಲ. ನಿಮ್ಮ ಈ ಹಾಲಿನ ನೀರಿಗಿಂತ ಅದೇ ವಾಸಿ ಅಲ್ವೇ?” ಎಂದರು.

ಆ ಮಾತಿಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ತಪ್ಪು ನಮ್ಮದೇ ಆಗಿತ್ತು. ತೊಟ್ಟಿಯನ್ನು ಬರಿದುಮಾಡದೆ ಹೋದವರೂ ನಾವೇ, ಅದರಲ್ಲಿ ಏನು ಬೆಳೆದೀತೆಂದು ಯೋಚಿಸದವರೂ ನಾವೇ. ಆದರೆ ಅವರ ಪ್ರಶ್ನೆಗೆ ಉತ್ತರ ಹೌದು ಎಂದಲ್ಲ. ಈ ಲೇಖನವನ್ನು ಬರೆಯಲು ಕಾರಣವೂ ಆ ಪ್ರಶ್ನೆಯೇ.

ಖನಿಜತೈಲವು ಸೋಕಿದ ಕೂಡಲೆ ಉರಿಸುವುದಿಲ್ಲ. ಅದರ ಕೇಡು ನಿಧಾನವಾದದ್ದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಲಂಕಾಷೈರ್ ಪ್ರಾಂತದ ಹತ್ತಿ ಗಿರಣಿಗಳಲ್ಲಿ, ನೂಲುವ ಯಂತ್ರದ ಎಣ್ಣೆಯಿಂದ ವರ್ಷಗಟ್ಟಲೆ ಬಟ್ಟೆ ನೆನೆದಿರುತ್ತಿದ್ದ ಕೆಲಸಗಾರರಲ್ಲಿ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡಿತು. ಸರಿಯಾಗಿ ಶುದ್ಧಿಮಾಡದ ಖನಿಜತೈಲವು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ವರ್ಗೀಕರಿಸಿದೆ. ಇಂದಿನ ಒಳ್ಳೆಯ ತೈಲಗಳನ್ನು ಆ ಕೆಟ್ಟ ಅಂಶಗಳು ಹೋಗುವಂತೆ ಶುದ್ಧಿಮಾಡಿರುತ್ತಾರೆ. ಆದರೆ ಇಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆಯಲ್ಲಿ, ಇಂಧನ ಉರಿದಾಗ ಹುಟ್ಟುವ ಅದೇ ಜಾತಿಯ ಪದಾರ್ಥಗಳು ಮತ್ತೆ ಬಂದು ಸೇರಿಕೊಂಡಿರುತ್ತವೆ. ಜೊತೆಗೆ ಲೋಹದ ಕಣಗಳು, ಆಮ್ಲಗಳು. ಬಿಟ್ಟಿಯಾಗಿ ದೊರೆಯುತ್ತದೆಂಬ ಒಂದೇ ಗುಣಕ್ಕಾಗಿ ಅದನ್ನು ಕೈಗೆ ಬಳಿದುಕೊಳ್ಳುವುದು ವಿವೇಕವಲ್ಲ. ಮೂವತ್ತು ವರ್ಷ ಏನೂ ಆಗಲಿಲ್ಲವೆಂಬುದು ಒಬ್ಬರ ಅದೃಷ್ಟದ ಕಥೆಯಾದೀತೇ ಹೊರತು ಪ್ರಯೋಗದ ಫಲಿತಾಂಶವಾಗದು.

ಹಳೆಯ ಕೈಪಿಡಿಗಳ ವಿಷಯದಲ್ಲಿಯೂ ಎಚ್ಚರವಿರಬೇಕು. ಟ್ಯಾಪು ಮಾಡಲು ಕಾರ್ಬನ್ ಟೆಟ್ರಾಕ್ಲೋರೈಡನ್ನು ಶಿಫಾರಸು ಮಾಡುವ ಪುಸ್ತಕಗಳು ಇಂದಿಗೂ ಹಳೆಯ ಪುಸ್ತಕದಂಗಡಿಗಳಲ್ಲಿ ಸಿಕ್ಕುತ್ತವೆ. ಅದರ ಆವಿ ಯಕೃತ್ತನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ತುಕ್ಕು ತಡೆಯಲು ನೈಟ್ರೈಟ್ ಲವಣವನ್ನು ಸೇರಿಸುವ ಸೂತ್ರಗಳೂ ಉಂಟು. ಕೂಲೆಂಟಿನಲ್ಲಿರುವ ಅಮೈನುಗಳೊಡನೆ ಅದು ಕೂಡಿದರೆ ಕ್ಯಾನ್ಸರ್ ತರಬಲ್ಲ ನೈಟ್ರೊಸಮೈನುಗಳಾಗುತ್ತವೆ. ಅಮೆರಿಕದಲ್ಲಿ ಇಂಥ ಕೆಲವು ಮಿಶ್ರಣಗಳನ್ನು 1984ರಲ್ಲಿಯೇ ನಿಷೇಧಿಸಲಾಯಿತು. ಬಹುಕಾಲ ನಡೆದುಬಂದ ಸೂತ್ರವೆಂದಮಾತ್ರಕ್ಕೆ ಅದು ಸುರಕ್ಷಿತವೆಂದು ಭಾವಿಸಲಾಗದು.

ಇಷ್ಟನ್ನೂ ಕೂಡಿಸಿ ನೋಡಿದರೆ ನಾವು ಹೇಳಿದ ಮೂರನೆಯ ದಾರಿ ತಾನಾಗಿಯೇ ಗೋಚರಿಸುತ್ತದೆ. ಮನೆಯ ಲೇತಿಗೆ ಜಿಡ್ಡು ಮುಖ್ಯ, ತಂಪು ಗೌಣ. ಆದ್ದರಿಂದ ಸ್ವಲ್ಪವೇ ಆದರೂ ಒಳ್ಳೆಯ ಎಣ್ಣೆ, ಚಿಕ್ಕ ಡಬ್ಬಿಯಿಂದ, ಕುಂಚದ ತುದಿಯಲ್ಲಿ. ಒಂದು ಲೀಟರ್ ಹೊಸ ಕಟಿಂಗ್ ಆಯಿಲ್ ನಮಗೆ ಒಂದು ವರ್ಷಕ್ಕೂ ಮಿಗಿಲಾಗಿ ಬಂದಿದೆ. ಲೇತಿಗೆ ಹಣ ಹಾಕಿದವರಿಗೆ ಇದು ಹೊರೆಯಾಗದು. ನೀರಿನ ತಂಪು ನಿಜವಾಗಿಯೂ ಬೇಕಾದ ದಿನ, ಉದಾಹರಣೆಗೆ ಉದ್ದನೆಯ ರಂಧ್ರಗಳನ್ನು ಕೊರೆಯುವಾಗ, ಅರ್ಧ ಲೀಟರ್ ಬಿಳಿಯ ಮಿಶ್ರಣವನ್ನು ಅಂದೇ ಬೆರೆಸಿ, ಹನಿಹನಿಯಾಗಿ ಇಳಿಯುವ ಶೀಷೆಯಿಂದ ಬಿಡಬೇಕು. ಬಳಸಿದ್ದನ್ನು ಮತ್ತೆ ಶೀಷೆಗೆ ಸುರಿಯಬಾರದು. ಕೆಲಸ ಮುಗಿದೊಡನೆ ಲೇತನ್ನು ಒಣಗಿಸಿ ಒರೆಸಿ, ಜಾರುಮಣೆಗೆ ಎಣ್ಣೆ ಹಚ್ಚಬೇಕು. ಇಲ್ಲವಾದರೆ ಮಂಗಳೂರಿನ ಮಳೆಗಾಲದಂತಹ ಹವೆಯಲ್ಲಿ ಮರುದಿನವೇ ತುಕ್ಕು ಕಾಣಿಸುತ್ತದೆ.

ಕೈಗಳ ವಿಷಯ. ಎಣ್ಣೆಯ ಕೆಲಸವೆಂದು ತಿರುಗುವ ಲೇತಿನ ಹತ್ತಿರ ಕೈಚೀಲ ತೊಡಬಾರದು. ಅದು ಸಿಕ್ಕಿಕೊಂಡರೆ ಬೆರಳೇ ಹೋದೀತು. ಕುಂಚವನ್ನೂ ಚಕ್ಕಿನಿಂದ ದೂರ ಹಿಡಿಯಬೇಕು. ಯಂತ್ರವನ್ನು ನಿಲ್ಲಿಸಿ ತೊಳೆಯುವಾಗ ಮಾತ್ರ ರಬ್ಬರಿನ ಕೈಚೀಲ ಅವಶ್ಯ. ಸೀಮೆಎಣ್ಣೆಯಿಂದ ಕೈ ತೊಳೆಯುವ ಚಾಳಿಯನ್ನು ಬಿಟ್ಟು ಸಾಬೂನನ್ನು ಬಳಸಬೇಕು. ಸೀಮೆಎಣ್ಣೆ ಚರ್ಮದ ಸಹಜವಾದ ಜಿಡ್ಡನ್ನು ತೆಗೆದು ರೋಗಕ್ಕೆ ಬಾಗಿಲು ತೆರೆಯುತ್ತದೆ. ಎಣ್ಣೆ ಹೊಗೆಯಾಡತೊಡಗಿದರೆ ಉಳಿ ಮೊಂಡಾಗಿದೆಯೆಂದೋ ವೇಗ ಹೆಚ್ಚಾಗಿದೆಯೆಂದೋ ತಿಳಿಯಬೇಕು. ಇನ್ನಷ್ಟು ಎಣ್ಣೆ ಸುರಿಯುವುದು ಅದಕ್ಕೆ ಪರಿಹಾರವಲ್ಲ.

ಕೊನೆಯದಾಗಿ, ಬಳಸಿ ಮಿಕ್ಕದ್ದನ್ನು ಏನು ಮಾಡುವುದು? 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಾವಳಿಯಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಹವ್ಯಾಸಿಯ ಬಳಿ ಉಳಿಯುವುದು ಅತ್ಯಲ್ಪವಾದರೂ ಚರಂಡಿ ಅದರ ಜಾಗವಲ್ಲ. ಚರಂಡಿಗೆ ಹೋದದ್ದು ಕೆರೆಗೆ ಹೋಗುತ್ತದೆ. ಕೆರೆಗೆ ಹೋದದ್ದು ಎಲ್ಲಿಗೆ ಹಿಂತಿರುಗುತ್ತದೆಂದು ಹೇಳಬೇಕಾಗಿಲ್ಲ. ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಟ್ಟು, ಬಳಸಿದ ಎಣ್ಣೆಯನ್ನು ಮರುಶುದ್ಧಿಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ನೀರು ಬೆರೆತ ಕೂಲೆಂಟನ್ನು ಹೀಗೆ ಒಪ್ಪಿಸುವುದು ಸುಲಭವಲ್ಲ. ಹತ್ತು ಲೀಟರ್ ತುಂಬಿಡಬಾರದೆಂಬುದಕ್ಕೆ ಇದೊಂದೇ ಕಾರಣ ಸಾಕು.

ನಮ್ಮ ಹಿರಿಯ ಮಿತ್ರರು ಈಗಲೂ ಭಾನುವಾರಗಳಂದು ಬರುತ್ತಾರೆ. ತೊಟ್ಟಿಯಿದ್ದ ಜಾಗದಲ್ಲಿ ಈಗ ಒಣಗಿದ ತಟ್ಟೆಯೊಂದಿದೆ. ಅದರ ಮೇಲೆ ಎರಡು ಚಿಕ್ಕ ಡಬ್ಬಿಗಳು, ಒಂದು ಕುಂಚ, ಒಂದು ಸಾಬೂನು. ಕರಿ ಎಣ್ಣೆಯ ಡಬ್ಬಿಯನ್ನು ಅವರೂ ಬಿಟ್ಟಿದ್ದಾರೆ. ಕೈಯಿಂದ ವಸ್ತುಗಳನ್ನು ಮಾಡುವ ಸಂತೋಷಕ್ಕಾಗಿಯೇ ಲೇತನ್ನು ತಂದುಕೊಂಡವರು ಆ ಕೈಗಳನ್ನೇ ಕಾಪಾಡಿಕೊಳ್ಳದಿದ್ದರೆ, ಆ ಲೇತಿದ್ದು ಪ್ರಯೋಜನವೇನು?